ಅತ್ತೆಗೊಂದು ಪ್ಲಾಸ್ಟಿಕ್ ಜಗಲಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು ಅಳಿಯನಿಗೆ ಅರೆಗಳಿಗೆಯನ್ನೂ ಎತ್ತಿಟ್ಟಿಲ್ಲ. ಅತ್ತೆಯ ಜತೆ ಜಗಳವಾಡಿದ ಅಳಿಯಂದಿರು ಬೀದಿಗೊಬ್ಬರು ಸಿಕ್ಕಾರು. ಆದರೆ ಅತ್ತೆಯನ್ನು ಇನ್ನೊಬ್ಬ ಅಳಿಯ ಹಾರಿಸಿಕೊಂಡು ಹೋದನೆಂದು ಊಟ ನಿದ್ದೆ ಬಿಟ್ಟ ಅಳಿಯನನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಇಗೋ, ಅಳತೆರಾಯರು.

ಅಳತೆರಾಯರು ಬಸ್ ಕಂಪನಿಯೊಂದರ ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಗುಮಾಸ್ತರು. ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಪೂರ್ತಿ ಹಲ್ಲುಸೆಟ್ಟು, ಹೀಗೆ ಬಂದದ್ದನ್ನೆಲ್ಲ ಉದ್ದಗಲ ಅಳೆದು ಕಪಾಟಿನಲ್ಲಿ ಜೋಡಿಸುತ್ತಿದ್ದರು. ಅಳೆಯಿರಿ ಎಂದು ಕಂಪನಿ ಅವರಿಗೆ ಹೇಳಿರಲಿಲ್ಲ, ಅದು ಅವರ ಸ್ವಂತ ಹುಚ್ಚು. ಅಳತೆರಾಯ ಎಂಬ ಹೆಸರಿಟ್ಟವರು ಅತ್ತೆಯೇ. ಬೇರೆ ಯಾರಾದರೂ ಇಟ್ಟಿದ್ದರೆ ಅವರಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು.

ಅತ್ತೆ ಈ ಮನೆಯಲ್ಲಿ ನೆಲೆಸಿ ವರ್ಷಗಳೇ ಆಗಿದ್ದವು. ಅಳತೆರಾಯರ ಹಾಸ್ಯಕ್ಕೆ ನಗುತ್ತಿದ್ದವರು ಲೋಕದಲ್ಲಿ ಅವರೊಬ್ಬರೇ. ಹೆಂಡತಿ ನಕ್ಕೇ ಇರಲಿಲ್ಲವೆಂದಲ್ಲ. ಮದುವೆಯಾದ ಹೊಸತರಲ್ಲಿ ಎರಡು ಸಲ ನಕ್ಕು, ಅದೇ ಹಾಸ್ಯ ಮತ್ತೆ ಮತ್ತೆ ಬರುವುದನ್ನು ಕಂಡು ಎಚ್ಚೆತ್ತುಕೊಂಡಿದ್ದಳು. ಅತ್ತೆ ಮಾತ್ರ ಹಳೆಯ ಜೋಕಿಗೂ ಹೊಸ ನಗು ನಗುತ್ತಿದ್ದರು. ಸಂಜೆ ಕೆಲಸದಿಂದ ಬಂದ ಅಳಿಯ, ಶಾಲು ಹೊದ್ದ ಅತ್ತೆ, ನಡುವೆ ಇಸ್ಪೀಟಿನ ಕಟ್ಟು. ಇಬ್ಬರೂ ಮನಸಾರೆ ಮೋಸ ಮಾಡುತ್ತಿದ್ದರು, ಅವರು ಎಲೆಯನ್ನು ಶಾಲಿನಲ್ಲಿ, ಇವರು ತೊಡೆಯ ಕೆಳಗೆ. ಇಷ್ಟು ಸುಖವಾಗಿದ್ದ ಸಂಸಾರಕ್ಕೆ ಅತ್ತೆಯ ಮಂಡಿಯ ಕಣ್ಣು ಬಿತ್ತು.

ಮಂಡಿ ಆಪರೇಷನ್ ಮಾಡಿದ ಡಾಕ್ಟರು, "ಸದ್ಯಕ್ಕೆ ಮೆಟ್ಟಿಲು ಮಾತ್ರ ಬೇಡ, ಗಾಲಿಕುರ್ಚಿ ಇಟ್ಕೊಳ್ಳಿ" ಎಂದು ಕಟ್ಟುನಿಟ್ಟಾಗಿ ಹೇಳಿದರು. ಅಳತೆರಾಯರ ಮನೆಯ ಮುಂದೆ ಇದ್ದದ್ದೆಲ್ಲ ಮೆಟ್ಟಿಲೇ, ಅದೂ ಕಡಿದಾದವು. ಹೆಂಡತಿಯ ಅಕ್ಕನ ಗಂಡ, ಅಂದರೆ ಅಳತೆರಾಯರ ಷಡ್ಡಕ, ಸರಿಯಾಗಿ ಅದೇ ತಿಂಗಳು ತನ್ನ ಮನೆಯ ಮುಂದೆ ಹಲಗೆಯ ಜಗಲಿಯೊಂದನ್ನು ತಾನೇ ಕೈಯಾರೆ ಕಟ್ಟಿ, ಅದಕ್ಕೆ ನಾಜೂಕಾದ ಇಳಿಜಾರನ್ನೂ ಇಳಿಬಿಟ್ಟಿದ್ದ. ಗಾಲಿಕುರ್ಚಿ ಬೀದಿಯಿಂದ ಸೀದಾ ಒಳಮನೆಗೆ ಹೋಗುತ್ತಿತ್ತು. ಹಾಗಾಗಿ ಅತ್ತೆ ಕೆಲವು ದಿನಕ್ಕೆಂದು ಅಲ್ಲಿಗೆ ಹೋದರು. ಕೆಲವು ದಿನ ಬಹಳ ದಿನವಾಯಿತು.

ಷಡ್ಡಕನಿಗೆ ಕನ್ನಡಕದ ಅಂಗಡಿ. ಬಂದವರ ಕಣ್ಣ ಮುಂದೆ ಗಾಜು ಹಿಡಿದು, "ಹೀಗೆ ಚೆನ್ನಾಗಿದೆಯೋ, ಹೀಗೋ?" ಎಂದು ಕೇಳಿ ಕೇಳಿ ಅವನಿಗೆ ಅದೇ ಮಾತಿನ ಧಾಟಿಯಾಗಿತ್ತು. ಸದಾ ನಗುಮುಖ, ಯಾವತ್ತೂ ಕೋಪವಿಲ್ಲ. ಇಂಥವರನ್ನು ದ್ವೇಷಿಸುವುದು ಎಷ್ಟು ಕಷ್ಟವೆಂದು ಅನುಭವಸ್ಥರಿಗೇ ಗೊತ್ತು. ಅಳತೆರಾಯರು ಛಲ ಬಿಡದೆ ದ್ವೇಷಿಸುತ್ತಿದ್ದರು.

ಒಂದು ಭಾನುವಾರ ಸುಡುಸುಡು ಮಧ್ಯಾಹ್ನ ಅವರು ಹೆಂಡತಿಯೊಂದಿಗೆ ಅತ್ತೆಯನ್ನು ನೋಡಲು ಹೋದರು. ಬೀದಿಯ ತಿರುವಿನಲ್ಲೇ ನಗು ಕೇಳಿಸಿತು. ಅತ್ತೆಯ ನಗು! ಅತ್ತೆ ಜಗಲಿಯ ಮೇಲೆ ದೊಡ್ಡ ಛತ್ರಿಯ ನೆರಳಲ್ಲಿ ಮಹಾರಾಣಿಯ ಹಾಗೆ ಕುಳಿತಿದ್ದರು. ಎದುರಿಗೆ ಷಡ್ಡಕ, ನಡುವೆ ಇಸ್ಪೀಟು. ಷಡ್ಡಕ ಹೇಳುತ್ತಿದ್ದದ್ದು ಬಸ್ಸಿನಲ್ಲಿ ಸಿಕ್ಕಿದ ಹಲ್ಲುಸೆಟ್ಟಿನ ಜೋಕು. ಅದು ಯಾರ ಜೋಕು? ಯಾರು ಆ ಹಲ್ಲುಸೆಟ್ಟನ್ನು ಸ್ವತಃ ಅಳೆದವರು? ಅಳತೆರಾಯರ ಹೊಟ್ಟೆಯಲ್ಲಿ ಧಗ್ಗನೆ ಬೆಂಕಿ ಹತ್ತಿತು.

"ಬನ್ನಿ ಬನ್ನಿ ಷಡ್ಡಕರೇ!" ಎಂದು ಆತ ಎದ್ದು ನಿಂತ. "ಹೇಗಿದೆ ನಮ್ಮ ಜಗಲಿ? ಬರಿಗಾಲಲ್ಲಿ ಚೆನ್ನಾಗಿದೆಯೋ, ಚಪ್ಪಲೀಲೋ?"

"ಹೂಂ, ಇದೆ" ಎಂದರು ಅಳತೆರಾಯರು. ಇದಕ್ಕಿಂತ ಹೆಚ್ಚಿನ ಹೊಗಳಿಕೆ ಅವರ ಗಂಟಲಿನಿಂದ ಹೊರಡಲಿಲ್ಲ.

"ಇದು ಮರ ಅಲ್ಲ ಗೊತ್ತಾ? ಹಾಲಿನ ಪ್ಯಾಕೆಟ್ಟು, ಶಾಂಪೂ ಬಾಟ್ಲಿ, ನಾವು ಬಿಸಾಕಿದ ಪ್ಲಾಸ್ಟಿಕ್ಕೆಲ್ಲ ಕರಗಿಸಿ ಮಾಡಿದ ಹಲಗೆ. ಕೊಳೆಯಲ್ಲ, ಗೆದ್ದಲು ಹತ್ತಲ್ಲ, ಬಣ್ಣ ಬಳಿಯೋ ಕಾಟ ಇಲ್ಲ."

"ನೋಡ್ರೀ, ಭಾವ ಎಷ್ಟು ಅಚ್ಚುಕಟ್ಟಾಗಿ ಮಾಡಿದಾರೆ" ಎಂದಳು ಹೆಂಡತಿ. ಉರಿಯುವ ಬೆಂಕಿಗೆ ತುಪ್ಪ ಬಿತ್ತು.

ಅತ್ತೆ ಮುಖ ಅರಳಿಸಿ, "ಅಳಿಯಪ್ಪ, ನಿನ್ನನ್ನ ನೋಡಿ ಯಾವ ಕಾಲ ಆಯ್ತೋ!" ಎಂದರು. "ಇವನಿಗೆ ಮೋಸ ಮಾಡೋಕೇ ಬರಲ್ಲ ಕಣೋ. ಪಾಪ, ಎಲೆ ಎಲ್ಲ ತೋರಿಸ್ಕೊಂಡು ಆಡ್ತಾನೆ."

ಆ "ಪಾಪ" ಎಂಬುದರಲ್ಲಿ ಎಷ್ಟು ಪ್ರೀತಿಯಿತ್ತೆಂದು ಅಳತೆರಾಯರು ಮನಸ್ಸಿನಲ್ಲೇ ಅಳೆದರು. ಬಹಳ ಇತ್ತು. ಅವರಿಗೆ ತಡೆಯಲಾಗಲಿಲ್ಲ.

"ಅತ್ತೇ, ನಾನೂ ಒಂದು ಕಟ್ತಾ ಇದೀನಿ. ಇದಕ್ಕಿಂತ ದೊಡ್ಡದು. ಇಳಿಜಾರೂ ಇರುತ್ತೆ."

ಇದು ಹೆಂಡತಿಗೆ ಹೊಸ ಸುದ್ದಿ. ನಿಜ ಹೇಳಬೇಕೆಂದರೆ ಅಳತೆರಾಯರಿಗೂ ಹೊಸ ಸುದ್ದಿಯೇ.

"ಕಟ್ಟಪ್ಪಾ, ಕಟ್ಟು! ಕುರ್ಚಿ ಒಳಗೆ ಹೋಗೋ ಹಾಗಾದ್ರೆ ಅವತ್ತೇ ಬಂದುಬಿಡ್ತೀನಿ" ಎಂದರು ಅತ್ತೆ.

ಷಡ್ಡಕ ಚಪ್ಪಾಳೆ ತಟ್ಟಿದ. ತಟ್ಟಿದ್ದಷ್ಟೇ ಅಲ್ಲ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಉಪದೇಶಕ್ಕೆ ಕುಳಿತ. "ಇದು ಮರದ ಹಾಗಲ್ಲ ಷಡ್ಡಕರೇ. ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಹಲಗೆಯ ತುದೀಲಿ ಸಂದು ಬಿಡಲೇಬೇಕು. ಎಷ್ಟು ಅಂತ, ಹಲಗೆ ಉದ್ದ ಮತ್ತೆ ಅವತ್ತಿನ ಬಿಸಿಲು ನೋಡಿ ಹೇಳ್ತೀನಿ, ನನಗೊಂದು ಫೋನ್ ಮಾಡಿ. ಬಳುಕೋದು ಜಾಸ್ತಿ, ಅದಕ್ಕೆ ಕೆಳಗಿನ ತೊಲೆ ಹತ್ತಿರ ಹತ್ತಿರ ಇರಲಿ. ಗೋಂದು ಹಿಡಿಯಲ್ಲ, ತುಕ್ಕು ಹಿಡೀದಿರೋ ಸ್ಕ್ರೂನೇ ಹಾಕಿ. ಗರಗಸದ ಹಲ್ಲು ದೊಡ್ಡದಿರಲಿ, ನಿಧಾನ ಕೊಯ್ಯಿರಿ, ಇಲ್ದಿದ್ರೆ ಕರಗುತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಹಾಂ, ಉಳಿದ ಚೂರು ಮಾತ್ರ ಸುಡಬೇಡಿ, ಹೊಗೆ ವಿಷ."

ಅಳತೆರಾಯರು ತಲೆಯಾಡಿಸುತ್ತಲೇ ಕೈಯಲ್ಲಿದ್ದ ಲೋಟವನ್ನು ಕೆಳಗಿಡುವ ನೆಪದಲ್ಲಿ ಬಗ್ಗಿ, ಹಲಗೆಗಳ ತುದಿಯನ್ನು ನೋಡಿದರು. ಹಲಗೆ ಹಲಗೆಗೆ ಮುತ್ತಿಟ್ಟುಕೊಂಡಿತ್ತು. ಬೆರಳು ಬೇಡ, ಉಗುರು ತೂರಲೂ ಜಾಗವಿರಲಿಲ್ಲ. ಗೋಡೆಯ ಕಡೆಯೂ ಅಷ್ಟೇ. ಸಂದು ಬಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನ ಜಗಲಿಯಲ್ಲಿ ಸಂದೇ ಇಲ್ಲ!

ಅಳತೆರಾಯರ ತಲೆಯಲ್ಲಿ ದೀಪ ಹತ್ತಿತು. ಓಹೋ, ಹೀಗೋ ಸಮಾಚಾರ!

"ತಿಳೀತೇನೇ?" ಎಂದರು ದಾರಿಯಲ್ಲಿ ಹೆಂಡತಿಗೆ. "ನಿಮ್ಮ ಭಾವ ಬೇಕಂತಲೇ ಸುಳ್ಳು ಹೇಳ್ತಿದಾನೆ. ತಾನು ಒಂದು ಮಾಡೋದು, ನಮಗೆ ಒಂದು ಹೇಳೋದು. ನಮ್ಮ ಜಗಲಿ ಕುಲಗೆಡಿಸಿ ಅತ್ತೇನ ಅಲ್ಲೇ ಇಟ್ಕೊಳ್ಳೋ ಹುನ್ನಾರ."

"ಭಾವ ಇರುವೆಗೂ ಸುಳ್ಳು ಹೇಳೋರಲ್ಲ."

"ಇರುವೆಗೆ ಯಾಕೆ ಹೇಳ್ತಾನೆ? ಇರುವೆ ಏನು ಅವನ ಅತ್ತೇನ ಕೇಳ್ತಾ? ಗೆದ್ದೋನು ಸೋತೋನಿಗೆ ಗುಟ್ಟು ಬಿಟ್ಕೊಡ್ತಾನೇನೇ? ಅವನು ಏನೇನು ಹೇಳಿದ್ನೋ, ಅದಕ್ಕೆ ತದ್ವಿರುದ್ಧ ಮಾಡಿದ್ರೆ ಮುಗೀತು, ಜಗಲಿ ಜಗಲಿಯಾಗುತ್ತೆ."

"ಹುಲೀನ ನೋಡಿ ನರಿ ಬರೆ ಹಾಕ್ಕೊಂಡಿತಂತೆ" ಎಂದಳು ಹೆಂಡತಿ. ಅಳತೆರಾಯರು ಇದನ್ನು ಒಪ್ಪಿಗೆ ಎಂದು ತಿಳಿದುಕೊಂಡರು.

ಹಲಗೆಗಳು ಲಾರಿಯಲ್ಲಿ ಬಂದಿಳಿದವು. ಪ್ಲಾಸ್ಟಿಕ್ ಎಂದಮೇಲೆ ಹಗುರ ಎನ್ನುವುದು ಬಾಚಣಿಗೆ, ಬಕೆಟ್ಟು ಎತ್ತಿ ಗೊತ್ತಿರುವವರ ನಂಬಿಕೆ. ಅಳತೆರಾಯರು ಉದ್ದನೆಯ ಹಲಗೆಯೊಂದನ್ನು ಒಬ್ಬರೇ ಹೆಗಲಿಗೇರಿಸಿದರು. ಹಲಗೆ ಮರಕ್ಕಿಂತ ಭಾರವಿತ್ತು, ಮೇಲಾಗಿ ಎರಡೂ ತುದಿಯಲ್ಲಿ ಬಳುಕುತ್ತಿತ್ತು. ಮುಂದಿನ ತುದಿ ಎಡಕ್ಕೆ ಹೋದರೆ ಹಿಂದಿನದು ಬಲಕ್ಕೆ, ನಡುವೆ ಅಳತೆರಾಯರು ಎತ್ತಲೂ ಅಲ್ಲ. ಬೀದಿಯಲ್ಲಿ ಒಂದು ಸುತ್ತು ತಿರುಗಿ, ಅವರು ಹಲಗೆಯ ಅಡಿಯಲ್ಲಿ ಅಂಗಾತ ಬಿದ್ದರು.

ಪಕ್ಕದ ಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಓಡಿಬಂದು ಹಲಗೆಯನ್ನು ಎತ್ತಿದಳು. "ಇಬ್ಬರು ಹಿಡ್ಕೋಬೇಕಲ್ವಾ ಸಾರ್ ಇದನ್ನ?"

"ಒಬ್ಬರೇ ಎತ್ತಬೇಡಿ ಅಂತ ಅವನು ಹೇಳಿರಲಿಲ್ಲ" ಎಂದರು ಅಳತೆರಾಯರು ನೆಲದಿಂದಲೇ. ಹೇಳದೆ ಬಿಟ್ಟದ್ದೂ ಷಡ್ಡಕನ ಲೆಕ್ಕಕ್ಕೇ ಜಮೆಯಾಯಿತು.

ಮುಂದೆ ಗರಗಸ. ದೊಡ್ಡ ಹಲ್ಲು ಬೇಕೆಂದು ಷಡ್ಡಕ ಹೇಳಿದ್ದರಿಂದ, ಅಂಗಡಿಯವನಿಂದ ಅತಿ ಸಣ್ಣ ಹಲ್ಲಿನ ಚಕ್ರವನ್ನೇ ಹುಡುಕಿಸಿ ತಂದರು. ನಿಧಾನ ಎಂದಿದ್ದರಿಂದ, ಪೂರ್ತಿ ವೇಗಕ್ಕೆ ತಿರುಗಿಸಿದರು. ಕೊಯ್ದಷ್ಟೂ ಹಲಗೆ ಹಿಂದಿನಿಂದ ಕರಗಿ ಮತ್ತೆ ಕೂಡಿಕೊಂಡಿತು, ಕೊನೆಗೆ ಚಕ್ರವನ್ನೇ ಕಚ್ಚಿ ಹಿಡಿಯಿತು. ಗರಗಸ ಕಿರುಚಿತು, ಫ್ಯೂಸು ಹಾರಿತು, ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಬೊಗಳಿದವು. ಎದ್ದ ಪುಡಿಯಾದರೂ ಮರದ ಪುಡಿಯ ಹಾಗೆ ಸುಮ್ಮನೆ ಕೆಳಗೆ ಬಿತ್ತೇ? ಇಲ್ಲ. ಹಾರಿ ಹೋಗಿ ಕಂಡದ್ದಕ್ಕೆಲ್ಲ ಅಂಟಿಕೊಂಡಿತು. ಒರೆಸಿದರೆ ಇನ್ನಷ್ಟು ಅಂಟಿಕೊಂಡಿತು.

ಟೈಲರಮ್ಮ ಒಂದು ಕೋಟನ್ನು ಎರಡು ಬೆರಳಲ್ಲಿ ಹಿಡಿದು ಬೇಲಿಯ ಬಳಿ ಬಂದಳು. "ಸಾರ್, ಇದು ವಕೀಲರ ಕರಿ ಕೋಟು. ಇಸ್ತ್ರಿ ಮಾಡಿ ನೇತು ಹಾಕಿದ್ದೆ. ಈಗ ನೋಡಿ. ಇದನ್ನ ಹಾಕ್ಕೊಂಡು ಅವರು ಕೋರ್ಟಿಗೆ ಹೋಗ್ಬೇಕೋ, ಕುರಿ ಹಿಂಡಿಗೆ ಹೋಗ್ಬೇಕೋ?"

ಅಳತೆರಾಯರು ಒಂದು ಕಣ್ಣನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕುಣಿಯುತ್ತಿದ್ದರು. ಅವರ ಕಣ್ಣಿಗೆ ಒಂದು ಚೂರು ಹಾರಿತ್ತು. ಕನ್ನಡಕದಂಗಡಿಯವನು ಕನ್ನಡಕ ಹಾಕಿಕೋ ಎಂದರೆ ಅದು ಬರೀ ವ್ಯಾಪಾರವೆಂದು ಅವರು ಬರಿಗಣ್ಣಲ್ಲೇ ಕೊಯ್ಯಲು ನಿಂತಿದ್ದರು. ಹೆಂಡತಿ ತಣ್ಣೀರಿನಲ್ಲಿ ತೊಳೆದಳು. ಚೂರು ಹೋಗಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋದದ್ದು, ಎಲ್ಲಿಗೆ ಎಂದು ಕೇಳಬೇಕೆ, ಷಡ್ಡಕನ ಅಂಗಡಿಗೆ. ಅಳತೆರಾಯರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಒಳಗೆ ಬರಲೊಲ್ಲೆನೆಂದರು. ಒಳಗಿದ್ದ ಗಿರಾಕಿಗಳೆಲ್ಲ ಎದ್ದು ನಿಂತು ನೋಡಿದರು.

ಷಡ್ಡಕ ಅವರನ್ನು ಕುರ್ಚಿಯಲ್ಲಿ ಕೂರಿಸಿ, ದೀಪ ಹಿಡಿದು, ಹೂವಿನ ಎಸಳು ತೆಗೆದಷ್ಟು ಮೃದುವಾಗಿ ಚೂರನ್ನು ತೆಗೆದ. "ಕನ್ನಡಕ ಹಾಕಿರಲಿಲ್ವಾ ಷಡ್ಡಕರೇ? ಛೆ ಛೆ" ಎಂದು ಕಣ್ಣನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕವೊಂದನ್ನು ಬಿಟ್ಟಿಯಾಗಿ ಕೈಗಿತ್ತ. ಬೈದಿದ್ದರೆ ಅಳತೆರಾಯರು ಸಹಿಸಿಕೊಳ್ಳುತ್ತಿದ್ದರು.

"ಅತ್ತೇನ ಇವತ್ತು ನಾಲ್ಕು ಹೆಜ್ಜೆ ನಡೆಸಿದೆ" ಎಂದ ಷಡ್ಡಕ ಹೆಮ್ಮೆಯಿಂದ. "ನನ್ನ ಕೈ ಹಿಡ್ಕೊಂಡೇ ನಡೆದ್ರು. ಬೇರೆ ಯಾರ ಕೈಯೂ ಬೇಡವಂತೆ."

ಅಳತೆರಾಯರು ಮನೆಗೆ ಬಂದವರೇ ಆ ಕನ್ನಡಕವನ್ನು ಅಟ್ಟಕ್ಕೆಸೆದರು. ಅತ್ತೆಯ ಕೈಯನ್ನು ಷಡ್ಡಕ ಹಿಡಿದ ಚಿತ್ರ ಕಣ್ಣಿನಿಂದ ಹೋಗಲಿಲ್ಲ. ಆ ಉರಿಯಲ್ಲೇ ಕೆಲಸ ಭರದಿಂದ ಸಾಗಿತು. ತೊಲೆಗಳನ್ನು ಹತ್ತಿರ ಇಡಬೇಕಂತೆ! ತೊಲೆ ದಂಡ ಮಾಡಿಸುವ ಸಂಚು. ದೂರ ದೂರ ಇಟ್ಟರು, ಇಳಿಜಾರಿಗಂತೂ ಮೇಲೊಂದು ಕೆಳಗೊಂದು, ನಡುವೆ ಗಾಳಿ. ಗೋಂದು ಹಿಡಿಯುವುದಿಲ್ಲವಂತೆ! ಡಬ್ಬಿಗಟ್ಟಲೆ ಬಳಿದರು. ಮಾರನೆಯ ಬೆಳಿಗ್ಗೆ ಗೋಂದು ಕಾದ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. "ಗೋಂದೇ ನಕಲಿ" ಎಂದು ತೀರ್ಪಿತ್ತು, ಮನೆಯಲ್ಲಿದ್ದ ಮಾಮೂಲಿ ಸ್ಕ್ರೂಗಳನ್ನು ಬಿಗಿದರು.

ಉಳಿದ ಚೂರುಗಳನ್ನು ಒಂದು ತಗಡಿನ ಡ್ರಮ್ಮಿಗೆ ಸುರಿದು ಬೆಂಕಿ ಹಚ್ಚಿದರು. ಎದ್ದ ಹೊಗೆ ಬಲು ಕಪ್ಪು, ಬಲು ದಪ್ಪ. ಅದು ಆಕಾಶಕ್ಕೇರುವ ಆತುರ ತೋರಿಸದೆ ಬೀದಿಯ ಒಂದೊಂದೇ ಕಿಟಕಿಯನ್ನು ವಿಚಾರಿಸಿಕೊಂಡು ಹೋಯಿತು. ಟೈಲರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ಜಡಿದಳು. ಅಡುಗೆಮನೆಯಿಂದ ಹೆಂಡತಿ ಕೆಮ್ಮುತ್ತಾ ಬಂದು ಒಂದು ಬಕೆಟ್ ನೀರನ್ನು ಡ್ರಮ್ಮಿಗೂ ಉಳಿದರ್ಧವನ್ನು ಗಂಡನಿಗೂ ಸುರಿದಳು. ಸ್ವಲ್ಪ ಹೊತ್ತಿಗೆ ಆರೋಗ್ಯ ಇನ್‌ಸ್ಪೆಕ್ಟರು ಕಣ್ಣೊರೆಸಿಕೊಳ್ಳುತ್ತಾ ಗೇಟಿನಲ್ಲಿ ಪ್ರತ್ಯಕ್ಷರಾದರು.

"ಏನ್ರೀ ಇದು? ಪ್ಲಾಸ್ಟಿಕ್ ಸುಡಬಾರದು ಅಂತ ನಿಮಗೆ ಯಾರೂ ಹೇಳಲಿಲ್ವಾ?"

"ಹೇಳಿದ್ರು ಸಾರ್."

"ಮತ್ತೆ?"

"ಅದಕ್ಕೇ ಸುಟ್ಟೆ."

ಇನ್‌ಸ್ಪೆಕ್ಟರು ತಮ್ಮ ಸೇವಾವಧಿಯಲ್ಲಿ ಗೊತ್ತಿಲ್ಲ ಎಂದವರನ್ನು ಕಂಡಿದ್ದರು, ಗಾಳಿ ಹಚ್ಚಿತು ಎಂದವರನ್ನೂ ಕಂಡಿದ್ದರು. ಇಂಥ ಪ್ರಾಮಾಣಿಕತೆ ಅವರಿಗೆ ಹೊಸದು. ಅವರು ಅಳತೆರಾಯರನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, "ಮನೇಲಿ ದೊಡ್ಡವರು ಯಾರೂ ಇಲ್ವೇನಮ್ಮ?" ಎಂದು ಕೇಳಿದರು.

"ಇದ್ರು ಸಾರ್. ನಮ್ಮಮ್ಮ. ಅವರನ್ನ ಕರ್ಕೊಂಡು ಬರೋಕೇ ಇಷ್ಟೆಲ್ಲ" ಎಂದಳು ಅವಳು.

ಇನ್‌ಸ್ಪೆಕ್ಟರು ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿಸಿ, ಅದನ್ನು ತಂದ ಕಡೆಗೇ ಮರಳಿಸಬೇಕೆಂದು ಅಪ್ಪಣೆ ಮಾಡಿದರು. "ಭಾನುವಾರ ಬರ್ತೀನಿ. ಬೀದಿ ಕಡೆಗೆ ಏನು ಕಟ್ತಿದೀರೋ ಕಣ್ಣಾರೆ ನೋಡ್ಬೇಕು ನಾನು" ಎಂದು ಹೋದರು.

ಆ ವಾರವೆಲ್ಲ ಮೋಡ ಕವಿದು ತಂಪಾಗಿತ್ತು. ಶನಿವಾರ ಇಡೀ ಹಲಗೆ ಜೋಡಿಸಿ, ಭಾನುವಾರ ಮುಂಜಾನೆಯ ಮಂಜಿನಲ್ಲಿ, ಬಾಯಿಂದ ಹಬೆ ಬಿಡುತ್ತಾ, ಅಳತೆರಾಯರು ಕೊನೆಯ ಹಲಗೆಯನ್ನು ಕೂರಿಸಿದರು. ಕೂರಿಸಿದರು ಎಂದರೆ ಸಾಲದು, ಸುತ್ತಿಗೆಯಿಂದ ಬಡಿದು ತುರುಕಿದರು. ಪ್ರತಿಯೊಂದು ಹಲಗೆಯ ಒಂದು ತುದಿ ಮನೆಯ ಗೋಡೆಗೆ, ಇನ್ನೊಂದು ಕಾಂಪೌಂಡಿನ ಕಲ್ಲುಕಂಬಕ್ಕೆ ಒತ್ತಿ ನಿಂತಿತು. ಎಲ್ಲಿ ನೋಡಿದರೂ ಒಂದು ಕೂದಲು ತೂರುವಂತಿರಲಿಲ್ಲ. ಷಡ್ಡಕನದ್ದು ಇದರ ಮುಂದೆ ಏನು, ಚಿಲ್ಲರೆ! ಅಳತೆರಾಯರು ಅತ್ತೆಗೆ ಬನ್ನಿ ಎಂದು ಫೋನ್ ಮಾಡಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತೆಯ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿದರು. ದಿಂಬನ್ನು ತಾವೇ ಬಡಿದು ಉಬ್ಬಿಸಿದರು.

ಹೊತ್ತೇರಿದಂತೆ ಮೋಡ ಚೆದುರಿತು. ಮಧ್ಯಾಹ್ನಕ್ಕೆ ಸೂರ್ಯ ವಾರದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಲು ನಿಂತ. ಇನ್‌ಸ್ಪೆಕ್ಟರು ಬಂದು, ಜಗಲಿ ಹತ್ತಿ, ಕಾಲಲ್ಲಿ ತಟ್ಟಿ ನೋಡಿ, "ಪರವಾಗಿಲ್ಲ, ಗಟ್ಟಿಯಾಗಿದೆ" ಎಂದು ಬೆವರೊರೆಸಿಕೊಂಡು ನೀರು ಕುಡಿಯಲು ಒಳಗೆ ಹೋದರು. ಹೆಂಡತಿ ಲೋಟ ತರಲು ಹೋದಳು. ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಅದು ಹೊರಕ್ಕೆ ತೆರೆಯುವ ಬಾಗಿಲು ಎಂಬುದನ್ನು ಓದುಗರು ಗಮನಿಸಬೇಕು, ಅಳತೆರಾಯರಂತೂ ಗಮನಿಸಿರಲಿಲ್ಲ.

ಷಡ್ಡಕನ ಕಾರು ಬಂದು ನಿಂತಿತು. ಅತ್ತೆಯನ್ನು ಗಾಲಿಕುರ್ಚಿಗೆ ಇಳಿಸಿದ ಷಡ್ಡಕ ಜಗಲಿಯನ್ನು ಒಮ್ಮೆ ನೋಡಿದವನೇ, "ಷಡ್ಡಕರೇ, ಸಂದು ಎಲ್ಲಿ?" ಎಂದ.

ಅಳತೆರಾಯರು ಕುಹಕದ ನಗೆ ನಕ್ಕರು. "ನಿಮ್ಮದರಲ್ಲಿ ಎಲ್ಲಿದೆಯೋ, ನಮ್ಮದರಲ್ಲೂ ಅಲ್ಲೇ ಇದೆ. ಕೈ ತೆಗೀರಿ. ಅತ್ತೇನ ನಾನು ಕರ್ಕೊಂಡು ಹೋಗ್ತೀನಿ."

ಕುರ್ಚಿಯ ಹಿಡಿ ಅವರ ಕೈಗೆ ಬಂತು. ಎಷ್ಟು ದಿನದಿಂದ ಕಾದಿದ್ದ ಗಳಿಗೆ! ಅವರು ಇಳಿಜಾರಿನ ಮೇಲೆ ಕುರ್ಚಿಯನ್ನು ತಳ್ಳಿದರು. ಮೊದಲು ಸಲೀಸಾಗಿ ಹತ್ತಿತು. ನಡುವಿಗೆ ಬರುತ್ತಿದ್ದಂತೆ, ಬಿಸಿಲಿಗೆ ಮೆತ್ತಗಾಗಿದ್ದ ಹಲಗೆಗಳು, ಕೆಳಗೆ ಆಸರೆ ಹುಡುಕಿ ಕಾಣದೆ, ಮೆಲ್ಲಮೆಲ್ಲನೆ ಕೆಳಕ್ಕೆ ಬಗ್ಗಿದವು. ಮುರಿಯಲಿಲ್ಲ, ಬಗ್ಗಿದವು ಅಷ್ಟೇ. ಕುರ್ಚಿ ತೊಟ್ಟಿಲಿನಂಥ ಕುಳಿಯ ತಳಕ್ಕೆ ಜಾರಿ ಕುಳಿತಿತು. ಮುಂದೆ ತಳ್ಳಿದರೆ ದಿಬ್ಬ, ಹಿಂದೆ ಎಳೆದರೆ ದಿಬ್ಬ.

"ಏನೋ ಇದು ಅಳಿಯಪ್ಪ?" ಎಂದರು ಅತ್ತೆ.

ಅದೇ ಹೊತ್ತಿಗೆ ಮೇಲಿನಿಂದ ಕಿರ್ರ್ ಎಂಬ ಸದ್ದು ಬಂತು. ಆಮೇಲೆ ಟಪ್ ಎಂದು ಒಂದು ಸ್ಕ್ರೂ ಕಿತ್ತು ಹಾರಿತು, ಅದರ ಹಿಂದೆ ಇನ್ನೊಂದು. ಬೇಲಿಯಾಚೆ ನಿಂತಿದ್ದ ಟೈಲರಮ್ಮ, "ಅಯ್ಯೋ, ಬಿಗಿ ಜಾಸ್ತಿಯಾಯ್ತು, ಗುಂಡಿ ಕಿತ್ಕೊಂಡು ಬರ್ತಿವೆ!" ಎಂದು ವೃತ್ತಿಸಹಜವಾಗಿ ಕೂಗಿದಳು. ಗೋಡೆಗೂ ಕಂಬಕ್ಕೂ ನಡುವೆ ಸಿಕ್ಕಿಬಿದ್ದ ಹಲಗೆಗಳು, ಹಿಗ್ಗಲು ಎಡೆಯಿಲ್ಲದೆ, ಒಂದೊಂದಾಗಿ ಬೆನ್ನು ಮೇಲಕ್ಕೆತ್ತಿ ಕಮಾನಾದವು. ಕಮಾನು ಸರಿಯಾಗಿ ಬಾಗಿಲಿಗೆ ಅಡ್ಡ ನಿಂತಿತು.

ಒಳಗಿನಿಂದ ಇನ್‌ಸ್ಪೆಕ್ಟರು ಬಾಗಿಲು ನೂಕಿದರು. ಅದು ಅಲುಗಲಿಲ್ಲ. "ರೀ! ಬಾಗಿಲು ತೆಗೀರಿ! ಸರಕಾರಿ ಅಧಿಕಾರೀನ ಕೂಡಿ ಹಾಕಿದ್ರೆ ಏನಾಗುತ್ತೆ ಗೊತ್ತೇನ್ರೀ?"

"ನಾನೂ ಒಳಗೇ ಇದೀನಿ" ಎಂದು ಕಿಟಕಿಯಿಂದ ಹೆಂಡತಿಯ ದನಿ ಬಂತು. "ನನ್ನನ್ನ ಕೂಡಿ ಹಾಕಿದ್ರೆ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು."

ಅಳತೆರಾಯರು ಅತ್ತ ಓಡಿ ಕಮಾನಿನ ಮೇಲೆ ಹತ್ತಿ ಕುಣಿದರು. ಒಂದು ಹಲಗೆ ಕೂತರೆ ಪಕ್ಕದ್ದು ಎದ್ದಿತು. ಇತ್ತ ಓಡಿ ಕುರ್ಚಿ ಎಳೆದರು, ಅದು ಬರಲಿಲ್ಲ. ಅತ್ತೆ ಮನೆಯೊಳಗೆ ಹೋಗುವಂತಿಲ್ಲ, ಹೆಂಡತಿ ಹೊರಗೆ ಬರುವಂತಿಲ್ಲ. ಬೀದಿಯ ಜನವೆಲ್ಲ ಕಾಂಪೌಂಡಿಗೆ ಒರಗಿ ನಿಂತಿತ್ತು. ಅಳತೆರಾಯರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮುಗಿಯಿತು, ಅತ್ತೆ ಇನ್ನು ಈ ಮನೆಯ ಕಡೆ ತಲೆಯಿಟ್ಟೂ ಮಲಗುವುದಿಲ್ಲ.

"ಅತ್ತೇ, ಮೊದಲು ನಿಮ್ಮನ್ನ ಎತ್ತಿ ಕಾರಿಗೆ..." ಎಂದು ಷಡ್ಡಕ ಮುಂದೆ ಬಂದ.

"ಯಾರೂ ಮುಟ್ಟಬೇಡಿ ನನ್ನನ್ನ!" ಎಂದರು ಅತ್ತೆ. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಅಳತೆರಾಯರು ಕುರ್ಚಿಯ ಮುಂದೆ ಬಂದು ಬಗ್ಗಿದರು. ನೋಡಿದರೆ, ನಗು. ಸದ್ದೇ ಬರದಂಥ, ಉಸಿರು ಕಟ್ಟುವಂಥ ನಗು. "ಮೊದ್ಲು ಅವರನ್ನ ಬಿಡಿಸಿ. ನನಗೆ ಇಲ್ಲಿಂದ ಎಲ್ಲಾ ಚೆನ್ನಾಗಿ ಕಾಣ್ತಿದೆ."

"ನೀರು ಹಾಕಿ! ತಣ್ಣಗಾದ್ರೆ ಕುಗ್ಗುತ್ತೆ" ಎಂದ ಷಡ್ಡಕ. ಟೈಲರಮ್ಮ ತನ್ನ ಮನೆಯ ಕೊಳವೆಯನ್ನು ಬೇಲಿಯ ಮೇಲಿಂದ ತಂದು ಜಗಲಿಗೆ ತಣ್ಣೀರು ಬಿಟ್ಟಳು. ವಕೀಲರ ಕೋಟಿನ ಸೇಡು ತೀರಿಸಿಕೊಳ್ಳುವಷ್ಟು ನೀರು ಅಳತೆರಾಯರ ಮೇಲೂ ಬಿತ್ತು. ಒಳಗಿನಿಂದ ಹೆಂಡತಿ ಕಿಟಕಿಯ ಮೂಲಕ ಚೊಂಬು ಚೊಂಬಾಗಿ ಎರಚಿದಳು. ಹಲಗೆಗಳು ಟಕ್ ಟಕ್ ಎಂದು ಗೊಣಗುತ್ತಾ ನಿಧಾನವಾಗಿ ಬೆನ್ನು ಇಳಿಸಿದವು. ಬಾಗಿಲು ಒಮ್ಮೆಲೇ ತೆರೆದುಕೊಂಡಿತು.

ಇನ್‌ಸ್ಪೆಕ್ಟರು ಅಧಿಕಾರದ ಗತ್ತಿನಿಂದ ಹೊರಗೆ ಕಾಲಿಟ್ಟರು. ನೆನೆದ ಪ್ಲಾಸ್ಟಿಕ್ಕಿಗೆ ಅಧಿಕಾರ ಗಿಧಿಕಾರ ಗೊತ್ತಿಲ್ಲ. ಅವರ ಕಾಲು ಮುಂದೆ ಹೋಯಿತು, ಅವರು ಕುಳಿತ ಭಂಗಿಯಲ್ಲಿ ಹಿಂದೆ ಬಂದರು, ಹಾಗೆಯೇ ಇಳಿಜಾರಿಗಿಳಿದು ಅತ್ತೆಯ ಪಾದದ ಬಳಿ ಬಂದು ನಿಂತರು.

"ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಜಾಗ ಇದೆ" ಎಂದರು ಅತ್ತೆ. ಆಮೇಲೆ ಅವರ ನಗುವಿಗೆ ಕಟ್ಟೆ ಒಡೆಯಿತು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಮದುವೆಯ ಹೊಸತರಲ್ಲಿ ನಕ್ಕದ್ದಕ್ಕಿಂತ ಜೋರಾಗಿ. ಇನ್‌ಸ್ಪೆಕ್ಟರೂ ಸಿಟ್ಟಾಗಲು ಒಂದೆರಡು ಸಲ ಪ್ರಯತ್ನಿಸಿ ಸೋತರು.

ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿ ನೆರಳಿಗೆ ತಂದರು. ಅಳತೆರಾಯರು ಒದ್ದೆ ಅಂಗಿಯಲ್ಲಿ ಇಂಗು ತಿಂದ ಮಂಗನಂತೆ ನಿಂತಿದ್ದರು.

"ನಿಮ್ಮ ಜಗಲೀಲಿ ಸಂದು ಇರಲಿಲ್ಲ. ನಾನೇ ಕಣ್ಣಾರೆ ನೋಡಿದೀನಿ" ಎಂದರು ಕೊನೆಗೆ.

"ನೀವು ಬಂದದ್ದು ಮಧ್ಯಾಹ್ನ ಅಲ್ವಾ?" ಎಂದ ಷಡ್ಡಕ. "ಬಿಸಿಲಿಗೆ ಹಿಗ್ಗಿ ಮುಚ್ಚಿಕೊಂಡಿತ್ತು. ಅದಕ್ಕೇ ತಾನೇ ಸಂದು ಬಿಡೋದು. ಬೆಳಿಗ್ಗೆ ಬಂದಿದ್ರೆ ಕಾಣ್ತಿತ್ತು."

ಅಳತೆರಾಯರು ತಮ್ಮ ಹಲಗೆಗಳತ್ತ ತಿರುಗಿ ನೋಡಿದರು. ಇಷ್ಟು ದಿನ ಷಡ್ಡಕ ಹೇಳಿದ್ದೆಲ್ಲ ನಿಜ! ಅವನ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಯಿತೆಂದು ತಿಳಿಯಬೇಡಿ, ಇಮ್ಮಡಿಯಾಯಿತು.

ಅತ್ತೆ ಕಣ್ಣೊರೆಸಿಕೊಂಡು ಸುಧಾರಿಸಿಕೊಂಡರು. "ನೋಡ್ರಪ್ಪಾ, ಇದು ರಿಪೇರಿಯಾದ ದಿನ ನಾನು ಇಲ್ಲಿಗೆ ಬಂದುಬಿಡ್ತೀನಿ."

"ಇಷ್ಟೆಲ್ಲ ಆದ ಮೇಲೂ ಇಲ್ಲಿಗಾ?" ಎಂದ ಷಡ್ಡಕ. "ಯಾಕತ್ತೇ, ನಮ್ಮನೇಲಿ ಏನು ಕಮ್ಮಿಯಾಯ್ತು?"

"ಏನೂ ಕಮ್ಮಿಯಿಲ್ಲ ಕಣಪ್ಪ. ಅದೇ ಕಷ್ಟ. ನಿನ್ನ ಮನೇಲಿ ಎಲ್ಲಾ ಸರಿಯಾಗಿದೆ. ಬೆಳಿಗ್ಗೆ ಎದ್ರೂ ಸರಿಯಾಗಿರುತ್ತೆ, ಮಧ್ಯಾಹ್ನ ನೋಡಿದ್ರೂ ಸರಿಯಾಗಿರುತ್ತೆ. ಎಷ್ಟು ಹೊತ್ತು ಅಂತ ಅದನ್ನ ನೋಡ್ಕೊಂಡು ಕೂತಿರ್ಲಿ ನಾನು?"

ಷಡ್ಡಕನ ಮುಖದ ಮೇಲಿನ ನಗು, ಯಾರೂ ಅದಿಲ್ಲದೆ ಅವನನ್ನು ಕಂಡಿರದ ನಗು, ಕೆಳಗಿಳಿದು ಹೋಯಿತು. ಅವನು ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅಳತೆರಾಯರು ಅದನ್ನು ಗಮನಿಸಲಿಲ್ಲ. ಅತ್ತೆ ಬರುತ್ತಾರೆ! ಆ ಒಂದು ಮಾತಿಗಾಗಿ ಅವರು ಏನನ್ನು ನುಂಗಲೂ ಸಿದ್ಧರಾದರು. ಮೂರು ಸಲ ಗಂಟಲು ಸರಿಪಡಿಸಿಕೊಂಡು, ಷಡ್ಡಕನ ಎದುರಿಗೆ ಹೋಗಿ ನಿಂತರು.

"ಷಡ್ಡಕರೇ, ನನ್ನದು ತಪ್ಪಾಯ್ತು. ಎಲ್ಲಾ ಬಿಚ್ಚಿ ಮತ್ತೆ ಕಟ್ತೀನಿ. ತೊಲೆ ಹತ್ತಿರ ಇಡ್ತೀನಿ, ನೀವು ಹೇಳಿದ ಸ್ಕ್ರೂನೇ ಹಾಕ್ತೀನಿ. ಈ ಸಲ ನಿಮ್ಮ ಮಾತು ಮೀರಲ್ಲ. ತುದೀಲಿ ಎಷ್ಟು ಸಂದು ಬಿಡ್ಬೇಕು, ಹೇಳಿ."

ಷಡ್ಡಕ ಅತ್ತೆಯನ್ನು ನೋಡಿದ. ಅತ್ತೆ ಇನ್‌ಸ್ಪೆಕ್ಟರ ಬೆನ್ನಿನ ಕೊಳೆಯನ್ನು ತೋರಿಸಿ ಮಗಳ ಜತೆ ನಗುತ್ತಿದ್ದರು. ಅವನು ಖಾಲಿ ಕಾರನ್ನು ನೋಡಿದ. ಕನ್ನಡಕವನ್ನು ಮೂಗಿಗೇರಿಸಿ, ಆಕಾಶವನ್ನು ನೋಡಿದ.

"ಸಂದಾ?" ಎಂದ ಮೆಲ್ಲಗೆ. "ಸಂದು ಗಿಂದು ಏನೂ ಬೇಕಾಗಿಲ್ಲ ಬಿಡಿ. ಹೀಗೇ ಒತ್ತಿ ಕೂರಿಸಿ. ಹೀಗೇ ಚೆನ್ನಾಗಿದೆ."

"ಭಾವಾ!" ಎಂದಳು ಹೆಂಡತಿ.

ಅಳತೆರಾಯರು ಷಡ್ಡಕನ ಮುಖವನ್ನು ನೋಡಿದರು. ಕೆಂಪೇರಿದ ಕಿವಿ, ಬಿಗಿದ ದವಡೆ, ಎತ್ತಲೋ ನೋಡುವ ಕಣ್ಣು. ಆ ಮುಖ ಅವರಿಗೆ ಚಿರಪರಿಚಿತ, ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ಕಾಣುವಂಥದ್ದು. ಹೊಟ್ಟೆಕಿಚ್ಚು! ಈ ಮಹಾನುಭಾವನಿಗೆ, ತಮ್ಮ ಮೇಲೆ, ಹೊಟ್ಟೆಕಿಚ್ಚು! ಅಳತೆರಾಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಜೀವನದಲ್ಲಿ ಮೊದಲ ಬಾರಿಗೆ ಷಡ್ಡಕನ ಮೇಲೆ ಪ್ರೀತಿ ಉಕ್ಕಿ ಬಂದು, ಅವನ ಎರಡೂ ಕೈಗಳನ್ನು ಹಿಡಿದು ಗಟ್ಟಿಯಾಗಿ ಕುಲುಕಿದರು.

"ಹಾಗಾದ್ರೆ ಸಂದು ಬಿಡಲೇಬೇಕು" ಎಂದರು.